ಅಪ್ಪನ ಎದೆಯ ತಾಳ

ಲಗ್ನ ಗೊತ್ತಾದ ಹುಡುಗಿಗೆ ನೆಲ ಕಾಣುವುದಿಲ್ಲ. ನನಗಂತೂ ತಿಕೋಟಾದ ನಮ್ಮ ಮನೆಯ ಹೊಸ್ತಿಲೂ ಕಾಣುತ್ತಿರಲಿಲ್ಲ, ದಿನಾ ಎಡವುತ್ತಿದ್ದೆ. ವರ ಬಬಲೇಶ್ವರದವರು. ತಲೆ ಎತ್ತಲು ಧೈರ್ಯವಿಲ್ಲದೆ ನಾನು ನೋಡಿದ್ದು ಅವರ ಕಾಲಿನ ಹೆಬ್ಬೆರಳು ಮಾತ್ರ. ಹೆಬ್ಬೆರಳು ಚೆನ್ನಾಗಿತ್ತು.

ನನ್ನದೊಂದೇ ಹಟ: ಅಕ್ಕಿಕಾಳು ಬಿದ್ದ ಮೇಲೆ ಅಪ್ಪನೇ ತಬಲಾ ಬಾರಿಸಬೇಕು. ಸುತ್ತಲಿನ ಊರುಗಳ ಭಜನೆಗೆಲ್ಲ ಅವನದೇ ಕೈ. ಆದರೆ ಆ ವರ್ಷ ಅವನ ನಾಲಿಗೆಯ ಬುಡದಲ್ಲಿ ಅರ್ಬುದದ ಹುಣ್ಣೆದ್ದು, ಕೊರಳಿಗೆ ಗಂಟಾಗಿ, ಮಾತು ನಿಂತಿತ್ತು. ಬೈಗುಳವನ್ನೂ ಮಂಚದ ಮೇಲೆ ಬೆರಳಿನಿಂದ ಬಾರಿಸುತ್ತಿದ್ದ. ನಮಗೆ ಪೂರ್ತಿ ತಿಳಿಯುತ್ತಿತ್ತು.

ವಿಜಾಪುರದಿಂದ ಟಾಂಗಾದಲ್ಲಿ ಬಂದ ಡಾಕ್ಟರು ಅವನ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

"ಕೊರಳಿನ ರೋಗ ಎದಿಗುಂಡಿಗಿಗೆ ಇಳದಂಗ ಕಾಣ್ತೈತ್ರಿ. ಬಡಿತ ನಡನಡುವ ತಪ್ಪಾಕತ್ತೈತಿ. ಇನ್ನ ತಬಲಾ ಮುಟ್ಟಬ್ಯಾಡ್ರಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಬಡಿತ ತಪ್ಪುತ್ತದೆಯೇ! ನಳಿಗೆ ಕಸಿದು ತಾನೇ ಕಿವಿಗೆ ಹಾಕಿಕೊಂಡ. ಬೆರಳುಗಳು ಮಂಚದ ಮೇಲೆ ನಡೆದವು: ಎರಡು ಪೆಟ್ಟು, ಪೆಟ್ಟಿಲ್ಲದ ಒಂದು ಖಾಲಿ, ಮತ್ತೆ ಎರಡು ಪೆಟ್ಟು ಅವಸರದಲ್ಲಿ. ಮುಖ ಅರಳಿತು. ತಪ್ಪೆಲ್ಲಿದೆ, ಇದು ಹೊಸ ತಾಳ! ನನ್ನ ಅಂಗೈ ಹಿಡಿದು ಆ ಖಾಲಿಯಲ್ಲಿ ಚಪ್ಪಾಳೆ ಹಾಕಿಸಿದ. ಅವ್ವನಿಗೆ ಅಳುತ್ತಲೇ ನಗು ಬಂತು.

"ಈ ಮನಷ್ಯಾಗ ಏನ ಹೇಳ್ಲಿರಿ ಯಪ್ಪಾ!"

ಲಗ್ನದ ದಿನ ಅಪ್ಪ ಯಾರ ಮಾತೂ ಕೇಳಲಿಲ್ಲ. ಲೋಡಿಗೆ ಒರಗಿ ಕುಳಿತು ಅದೇ ತಾಳ ಹಿಡಿದ. ಹಾಡುವವರು ದಿಕ್ಕೆಟ್ಟರು, ಬೀಗರು ಬಿದ್ದು ಬಿದ್ದು ನಕ್ಕರು. ಖಾಲಿ ಬಂದಾಗಲೆಲ್ಲ ಅಪ್ಪ ಕೈ ಎತ್ತಿ ನನ್ನ ಕಡೆ ನೋಡುತ್ತಿದ್ದ, ನಾನು ಬಾಸಿಂಗ ಜಾರಿದರೂ ಚಪ್ಪಾಳೆ ತಟ್ಟುತ್ತಿದ್ದೆ.

"ನೋಡಬೇ, ಮದವಣಗಿತ್ತೀನ ಚಪ್ಪಾಳಿ ಬಡಿಯಾಕತ್ತಾಳ!" ಎಂದು ಅತ್ತೆ ಕೂಗಿದರು. ಪಕ್ಕದ ಹೆಬ್ಬೆರಳೂ ಕುಣಿಯುತ್ತಿತ್ತು.

ಒಂದು ಖಾಲಿ ಬಹಳ ಉದ್ದವಾಯಿತು. ನಾನು ತಟ್ಟಿದರೂ ಅಪ್ಪನ ಕೈ ಮೇಲೆಯೇ ಇತ್ತು. ಊಟಕ್ಕೆ ಬಂದಿದ್ದ ಡಾಕ್ಟರು ಎದ್ದು ನಿಂತರು. ನಾನು ಜೋರಾಗಿ ಇನ್ನೊಮ್ಮೆ ತಟ್ಟಿದೆ. ಕೈ ತಬಲಾಕ್ಕೆ ಇಳಿಯಿತು. ಅಪ್ಪ ನಕ್ಕ.

ನಾನೇ ಅವನನ್ನು ಬದುಕಿಸಿದೆ ಎಂದುಕೊಂಡು ಬಬಲೇಶ್ವರದವರೆಗೂ ಬಂಡಿಯಲ್ಲಿ ಒಬ್ಬಳೇ ನಗುತ್ತ ಹೋದೆ.

ಮುಂದಿನ ಅಮಾವಾಸ್ಯೆಗೆ ಅಪ್ಪ ಹೋದ. ಆಗ ನಾನು ಅವನ ಹತ್ತಿರ ಇರಲಿಲ್ಲ.