ಅತ್ತೆಯ ತೋಳಿನ ಗಿಳಿ

ಮ್ಯೂಸಿಯಮ್ಮಿಗೆ ಹೋದರೆ ನನ್ನ ಕಣ್ಣು ಮೊದಲು ಹುಡುಕುವುದು ಕೂರಲು ಬೆಂಚು. ಕಲಾಭಿಮಾನವೆಲ್ಲ ಆಮೇಲೆ. ಅಂಥ ನಾನು ಮೊನ್ನೆ ಭಾನುವಾರ ಹಚ್ಚೆಯ ಪ್ರದರ್ಶನವೊಂದರಲ್ಲಿ ಬೆಂಚು ಖಾಲಿಯಿದ್ದರೂ ನಿಂತೇ ಇದ್ದೆ. ಗೋಡೆಯ ತುಂಬ ಹಳ್ಳಿಯ ಹೆಂಗಸರ ಕೈಗಳ ದೊಡ್ಡ ದೊಡ್ಡ ಫೋಟೊಗಳು. ಚೇಳು, ತೊಟ್ಟಿಲು, ತುಳಸಿಕಟ್ಟೆ. ಬರೀ ಸೂಜಿಯಲ್ಲಿ ಎಳೆದ ಗೆರೆ, ಎಲ್ಲೂ ಸೊಟ್ಟಗಿಲ್ಲ. ಕಾಗದವಾದರೆ ಅಳಿಸಿ ಬರೆಯಬಹುದು. ಅಳುವ ಹುಡುಗಿಯ ತೋಳಿನ ಮೇಲೆ ಎರಡನೆಯ ಅವಕಾಶವೆಲ್ಲಿ? ಕನ್ನಡದ ಜಾಣತನ ನೋಡಿ: ಚಿತ್ರ ಬಿಡಿಸುವುದೂ ಕಲೆ, ಒಗೆದರೂ ಹೋಗದ್ದೂ ಕಲೆ. ಹಚ್ಚೆ ಎರಡೂ ಹೌದು.

ಜೊತೆಗಿದ್ದ ನಮ್ಮ ಅತ್ತೆಗೆ ಮಾತ್ರ ಅದು ಎರಡನೆಯ ಬಗೆಯ ಕಲೆ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ ಬೆಳೆದವರು. ನಾನು ಸೊಸೆಯಾಗಿ ಬರುವ ಮೊದಲು, ಅವರು ನಗರದ ಯಾದವಗಿರಿಯಲ್ಲಿ ಮನೆ ಮಾಡಿದ ಹೊಸತರಲ್ಲಿ, ಅರಿಶಿನ ಕುಂಕುಮಕ್ಕೆ ಬಂದ ಹೆಂಗಸೊಬ್ಬರು ಅವರ ತೋಳು ನೋಡಿ ಮೂಗು ಮುರಿದರಂತೆ. ಅಂದಿನಿಂದ ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ. ಸೊಸೆಯಾದ ನಾನೇ ಆ ಹಚ್ಚೆಯನ್ನು ಸರಿಯಾಗಿ ಕಂಡಿರಲಿಲ್ಲ.

ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ನಿಂತಿದ್ದಳು. ಮೊಣಕೈವರೆಗೂ ಬಳ್ಳಿಯ ಟ್ಯಾಟೂ. ಅತ್ತೆ ಅದನ್ನೇ ನೋಡುತ್ತಾ, "ನೋವಾಯ್ತೇನವ್ವಾ?" ಎಂದರು.

"ಅತ್ತೇಬಿಟ್ಟೆ ಅಜ್ಜಿ."

"ನಾನೂ ಅತ್ತಿದ್ದೆ ಕಣವ್ವ. ಹಚ್ಚೆಯವಳು ಹಾಡೇಳ್ಕೊಂಡು ಚುಚ್ಚೋಳು. ಕೇಳ್ತಾ ಕೇಳ್ತಾ ಅಳೋದೇ ಮರ್ತ್‌ಬುಟ್ಟೆ."

ಹೀಗೆಂದವರೇ ರವಿಕೆಯ ತೋಳನ್ನು ಮೇಲೇರಿಸಿದರು. ಮುಂಗೈ ಮೇಲೆ ಕೊಕ್ಕು ಚಾಚಿದ ಗಿಳಿ. ರೆಕ್ಕೆಯ ಒಂದೊಂದು ಗರಿಯೂ ಬೇರೆ ಬೇರೆ. ಗೋಡೆಯ ಯಾವ ಫೋಟೊಗೂ ಕಡಿಮೆಯಿಲ್ಲ.

"ಒಂದೇ ಗಿಳಿ ಯಾಕಜ್ಜಿ?"

"ಇನ್ನೊಂದು ಗೌರಿ ಕೈಲದೆ. ನನ್ನ ಗೆಳತಿ. ಇಬ್ರಿಗೂ ಓದು ಬರ್ತಿರ್ಲಿಲ್ಲ, ಹೆಸ್ರು ಬರೆಸ್ಕೊಂಡು ಏನ್ಮಾಡೋದು? ಕೈ ಜೋಡ್ಸುದ್ರೆ ಕೊಕ್ಕಿಗೆ ಕೊಕ್ಕು ತಾಗೋದು."

ಜನ ಗೋಡೆ ಬಿಟ್ಟು ಅತ್ತೆಯ ಸುತ್ತ ಸೇರಿದರು. ಅತ್ತೆ ತೋಳು ಮುಚ್ಚಿಕೊಳ್ಳಲಿಲ್ಲ. ಆ ಗೌರಮ್ಮ ಈಗ ಸಿದ್ಧಾರ್ಥನಗರದಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಮಂಡಿನೋವು, ಎಲ್ಲೂ ಬರುವುದಿಲ್ಲವಂತೆ. ಒಂದೇ ಊರಿನಲ್ಲಿದ್ದೂ ಗೆಳತಿಯರು ಮುಖ ನೋಡಿ ವರ್ಷಗಳಾಗಿದ್ದವು. ಅಲ್ಲಿಂದಲೇ ಆಟೊ ಹಿಡಿದೆವು.

ಬಾಗಿಲಲ್ಲೇ ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಸೋಫಾದಲ್ಲಿ ಅಕ್ಕಪಕ್ಕ ಕೂತು ಕೈಗೆ ಕೈ ಸೇರಿಸಿದರು. ಕೊಕ್ಕು ತಾಗಲಿಲ್ಲ. ಗೌರಮ್ಮನ ಚರ್ಮ ಸಡಿಲಾಗಿ ಅವರ ಗಿಳಿ ಒಂದು ಬೆರಳಿನಷ್ಟು ಜಾರಿತ್ತು.

"ಯಾಕೇ, ನಿನ್ನ ಗಿಳಿ ಕೆಳೀಕಿಳ್ದದೆ?" ಎಂದರು ಅತ್ತೆ.

"ವಯಸ್ಸಾಯ್ತಲ್ವಾ, ಕೂತ್ಕಂಡದೆ. ನಿಂದೇ ಒಸಿ ಬಗ್ಸು," ಎಂದರು ಗೌರಮ್ಮ.

ಅತ್ತೆ ಬಗ್ಗಿಸಿದರು.