ದಪ್ಪ ಗೆರೆ ಅಪ್ಪನದು

ಕಳೆದ ತಿಂಗಳು ಪಕ್ಕದ ಮನೆಯವರು ಗೇಟಿಗೆ ಬಣ್ಣ ಹಚ್ಚಿಸುತ್ತಿದ್ದರು. ಟರ್ಪೆಂಟೈನಿನ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಬಾಗಲಕೋಟೆಯ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ನಾನು ಹುನಗುಂದದ ನಮ್ಮ ಪಡಸಾಲೆಯಲ್ಲಿದ್ದೆ. ಆ ಮನೆ ಈಗಿಲ್ಲ. ಕೊಂಡವರು ಕೆಡವಿ ಅಂಗಡಿಸಾಲು ಕಟ್ಟಿಸಿದ್ದಾರೆ. ಆದರೂ ನೆಲದ ಮೇಲೆ ಒಣಗಲಿಟ್ಟ ತಗಡಿನ ಬೋರ್ಡುಗಳು, ಅವುಗಳನ್ನು ದಾಟಿ ಅಡುಗೆಮನೆಗೆ ಹೋಗುವಾಗ ಲಂಗ ಎತ್ತಿ ಹಿಡಿಯುತ್ತಿದ್ದದ್ದು, ಹಾಸಿಗೆ ದಿಂಬಿಗೂ ಅಂಟಿಕೊಂಡಿರುತ್ತಿದ್ದ ಬಣ್ಣದ ವಾಸನೆ, ಎಲ್ಲ ಒಮ್ಮೆಲೇ ಬಂದವು. ನಿಮ್ಮಲ್ಲೂ ಅಂಥದೊಂದು ಮನೆ ಇರಬಹುದು, ವಾಸನೆಯಲ್ಲಿ ಮಾತ್ರ ಉಳಿದದ್ದು.

ಅಪ್ಪ ಬೋರ್ಡು ಬರೆಯುತ್ತಿದ್ದ. ಇಳಕಲ್ಲಿನ ಸೀರೆ ಅಂಗಡಿಗಳು, ಬಾದಾಮಿಯ ಖಾನಾವಳಿಗಳು, ನಮ್ಮೂರ ಕಿರಾಣಿ ಅಂಗಡಿಗಳು, ಎಲ್ಲರಿಗೂ ಅವನ ಅಕ್ಷರವೇ ಬೇಕು. ಅಕ್ಷರದ ಹೊಟ್ಟೆ ಹೆಬ್ಬೆರಳಿನಷ್ಟು ದಪ್ಪ, ತಲೆಕಟ್ಟು ಸೀರೆಯ ಎಳೆಯಷ್ಟು ಸಣ್ಣ, ಪ್ರತಿ ಗೆರೆಯ ಕೊನೆಗೆ ಚೂಪಾದ ಪುಟ್ಟ ಕುಡಿ. ಬಸ್ಸು ನಿಲ್ಲುವ ಮೊದಲೇ ಅಂಗಡಿಯ ಹೆಸರು ಓದಿ ಮುಗಿದಿರುತ್ತಿತ್ತು. ಕೆಳಗಿನ ವಿಳಾಸಕ್ಕೆ ಮಾತ್ರ ಸಾದಾ ಅಕ್ಷರ. "ಸಣ್ಣ ಅಕ್ಷರಕ್ಕ ಈ ವೇಷ ಹಾಕಬಾರ್ದು, ಎಳಿ ಕಾಣೂದಿಲ್ಲ" ಅನ್ನುತ್ತಿದ್ದ.

ನಾನು ಐದನೇ ತರಗತಿಯಲ್ಲಿದ್ದಾಗ ಅಪ್ಪನ ಬಲಗೈ ನಡುಗತೊಡಗಿತು. ದಪ್ಪ ಗೆರೆಗೆ ಅಷ್ಟು ತೊಂದರೆಯಿಲ್ಲ, ಬಣ್ಣ ತುಂಬುತ್ತ ಅಂಚು ಸರಿಮಾಡಿಕೊಳ್ಳಬಹುದು. ಸಣ್ಣ ಗೆರೆಯನ್ನು ಒಂದೇ ಉಸಿರಿಗೆ ಎಳೆಯಬೇಕು, ತಿದ್ದಲು ಹೋದರೆ ದಪ್ಪವಾಗುತ್ತದೆ. ಅವ್ವ ತೀರಿದ ಮೇಲೆ ನನ್ನನ್ನು ಸಾಕಲು ಬಂದ ನೀಲತ್ತಿ, ಅಪ್ಪನ ಅಕ್ಕ, ಕಸೂತಿ ಹಾಕುವವಳು. ಒಂದು ಮಧ್ಯಾಹ್ನ ಅವಳು ಅಪ್ಪನ ಕೈಯಿಂದ ಬ್ರಷ್ ತೆಗೆದುಕೊಂಡು ತಲೆಕಟ್ಟು ಎಳೆದುಬಿಟ್ಟಳು. ಅಂದಿನಿಂದ ದಪ್ಪ ಗೆರೆ ಅಪ್ಪನದು, ಸಣ್ಣ ಗೆರೆ ನೀಲತ್ತಿಯದು, ಮುಂಬಾಗಿಲಿಗೆ ಅಗಳಿ. ಅಪ್ಪ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದ. "ಹೊರಗ ಯಾರಿಗೂ ಹೇಳಬ್ಯಾಡ ಯವ್ವಾ. ಕೈ ಹೋತು ಅಂತ ಗೊತ್ತಾದ್ರ ನನಗ ಬೋರ್ಡ್ ಯಾರು ಕೊಡ್ತಾರ?" ನಾನು ಯಾರಿಗೂ ಹೇಳಲಿಲ್ಲ. ಮದುವೆಯಾದ ಮೇಲೆ ಗಂಡನಿಗೂ ಹೇಳಲಿಲ್ಲ, ಅಷ್ಟು ಗಟ್ಟಿ ಹೆಣ್ಣು ನಾನು!

ಅಪ್ಪ ಹೋದ. ಫ್ಲೆಕ್ಸ್ ಬಂತು, ಬೋರ್ಡುಗಳು ಗುಜರಿಗೆ ಹೋದವು. ಸಾಲಿಯಲ್ಲಿ ಚಿತ್ರಕಲೆ ಕಲಿಸುವ ನಾನು ಅಳಿದುಳಿದ ಬೋರ್ಡುಗಳನ್ನು ಹುಡುಕಿ, ಆ ಅಕ್ಷರಗಳಿಂದ ಕಂಪ್ಯೂಟರಿನಲ್ಲಿ ತಲೆಬರಹಕ್ಕೆಂದೇ ಒಂದು ಫಾಂಟ್ ಮಾಡಿದೆ. ಬಿಸಿಲು ಮಳೆಗೆ ಸಣ್ಣ ಗೆರೆಗಳೇ ಮೊದಲು ಅಳಿಸಿಹೋಗಿದ್ದವು. ಈಗ ನನ್ನ ಜೊತೆಗಿರುವ ನೀಲತ್ತಿ ಅವನ್ನು ಕಾಗದದ ಮೇಲೆ ಮತ್ತೆ ಎಳೆದುಕೊಟ್ಟಳು. ಪುಸ್ತಕ ಪ್ರಕಾಶಕರೊಬ್ಬರು ಅದನ್ನು ಮುಖಪುಟಕ್ಕೆ ಬಳಸುತ್ತೇವೆ, ಮೂಲ ಯಾರ ಕೈ ಅಂತ ಎರಡು ಸಾಲು ಬರೆದುಕೊಡಿ ಎಂದರು. ಎಂಟು ದಿನ ಒದ್ದಾಡಿದೆ. ಅಪ್ಪನ ಹೆಸರೊಂದೇ ಬರೆದರೆ ಅತ್ತಿಯ ದುಡಿಮೆಯನ್ನು ನುಂಗಿದಂತೆ. ಇಬ್ಬರದೂ ಬರೆದರೆ ಸತ್ತ ಅಪ್ಪನ ಮಾನ ತೆಗೆದಂತೆ. ಕೊನೆಗೆ, ಮೆಂತೆಪಲ್ಲೆ ಸೋಸುತ್ತಿದ್ದ ಅತ್ತಿಯನ್ನೇ ಕೇಳಿದೆ.

"ನಿನ್ನ ಹೆಸರು ಹಾಕಿದ್ರ ಅಪ್ಪನ ಕೈ ನಡುಗ್ತಿತ್ತು ಅಂತ ಮಂದಿಗೆ ಗೊತ್ತಾಗ್ತದಲ್ಲ ಅತ್ತಿ?"

ಅತ್ತಿ ಸೊಪ್ಪು ಕೆಳಗಿಟ್ಟು ನಕ್ಕಳು. "ಮಂದಿಗೆ ಹೊಸದಾಗಿ ಏನ್ ಗೊತ್ತಾಗಬೇಕಾಗೇದ? ಬೋರ್ಡ್ ಬರಸೋರು ಮೊದಲ ಹಿತ್ತಲ ಬಾಗಲಕ್ಕ ಬಂದು ನನ್ನ ಕೇಳ್ತಿದ್ರು, 'ಯಕ್ಕಾರ, ಈ ವಾರ ಊರಾಗ ಇರ್ತೀರೇನ್ರಿ?' ಅಂತ. ನಾ ಇರ್ತೇನಿ ಅಂದ ಮ್ಯಾಲ ಮುಂದಿನ ಬಾಗಲಕ್ಕ ಹೋಗಿ ಅವನಿಗೆ ಹೇಳ್ತಿದ್ರು, 'ನಿಮ್ಮ ಕೈಲೇ ಆಗಬೇಕ್ರಿ' ಅಂತ."

"ಅಪ್ಪಗ ಗೊತ್ತಿತ್ತೇನು?"

"ಇಲ್ಲವ್ವ. ಒಬ್ಬರೂ ಹೇಳಲಿಲ್ಲ."

ಇಷ್ಟು ವರ್ಷ ಎದೆಯ ಮೇಲೆ ಹೊತ್ತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಅವತ್ತೇ ಇಬ್ಬರ ಹೆಸರೂ ಬರೆದು ಕಳಿಸಿದೆ: ರುದ್ರಪ್ಪ, ನೀಲವ್ವ. ನಾವು ಬಾಗಿಲಿಕ್ಕಿಕೊಂಡು ಊರಿಂದ ಗುಟ್ಟು ಕಾಯುತ್ತಿದ್ದೆವು, ಊರೆಲ್ಲ ಸೇರಿ ಅದು ತನಗೆ ಗೊತ್ತೆಂಬ ಗುಟ್ಟನ್ನು ಅಪ್ಪನಿಂದ ಕಾಯುತ್ತಿತ್ತು. ಹಾಗೆ ಎರಡು ಬಾಗಿಲು ಸುತ್ತಿದವರಲ್ಲಿ ಬಹಳ ಜನ ಈಗಿಲ್ಲ, ಯಾರಿಗೂ ನನ್ನಿಂದ ಕೈ ಮುಗಿಯಲಾಗಲಿಲ್ಲ. "ನಿಮ್ಮ ಕೈಲೇ ಆಗಬೇಕ್ರಿ" ಅಂತ ಅವರು ಹೇಳಿಹೋದ ದಿನ, ಅಪ್ಪ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದ.