ಜಲಜಾಕ್ಷಿ ಮಾಡಿದ ನಿಯಮ

ಕೈ ಎತ್ತುವ ಹೊತ್ತು ಬಂದಾಗ ಹೊರಗೆ ಹೋಗಿ ಎಂದು ಜಲಜಾಕ್ಷಿಯವರಿಗೆ ಯಾರೂ ಹೇಳಬೇಕಾಗಲಿಲ್ಲ. ಅವರೇ ಕುರ್ಚಿ ಸರಿಸಿ ಎದ್ದರು, ಚಪ್ಪಲಿ ಮೆಟ್ಟಿಕೊಂಡರು, ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಫ್ಲ್ಯಾಟಿನಲ್ಲಿ ವಾಸವಿಲ್ಲದವರು ತೀರ್ಮಾನದ ಹೊತ್ತಿಗೆ ಒಳಗಿರಕೂಡದು ಎಂಬುದು ಆ ಅಡುಗೆಮನೆಯ ನಿಯಮ. ಅದನ್ನು ಮಾಡಿದವರು ಅವರೇ. ಆ ಸಂಜೆ ಒಳಗೆ ತೀರ್ಮಾನವಾಗಬೇಕಿದ್ದದ್ದು ಅವರ ಕೆಲಸ.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಎಲ್ಲರೂ ಫ್ಲ್ಯಾಟ್ ಎಂದೇ ಕರೆಯುವ ಆ ಕಡಿಮೆ ಬಾಡಿಗೆಯ ಕಟ್ಟಡದಲ್ಲಿ ತಮಿಳರು, ಮಲಯ್ ಜನ ಎಲ್ಲ ಸೇರಿ ಇದ್ದಾರೆ. ಹೆಂಗಸರು ಹೆಚ್ಚಿನವರು ಕಾರ್ಖಾನೆಯ ಪಾಳಿಗೆ ಹೋಗುತ್ತಾರೆ. ಮೊದಲೆಲ್ಲ ಮಕ್ಕಳು ಶಾಲೆಯಿಂದ ಬಂದು ಪ್ಯಾಕೆಟ್ ನೂಡಲ್ಸ್‌ಗೆ ಬಿಸಿನೀರು ಸುರಿದುಕೊಂಡು ತಿನ್ನುತ್ತಿದ್ದವು. ನೆಲಮಹಡಿಯಲ್ಲಿ ಮುಚ್ಚಿದ್ದ ಅಂಗಡಿಯೊಂದನ್ನು ತೆರೆಸಿ, ತೊಳೆಸಿ, ಸರದಿಯ ಮೇಲೆ ಅಡುಗೆ ಮಾಡುವ ಏರ್ಪಾಡನ್ನು ಎಂಟು ವರ್ಷದ ಹಿಂದೆ ಶುರು ಮಾಡಿಸಿದ್ದು ಜಲಜಾಕ್ಷಿ. ಅವರ ಮನೆ ಸುಬಾಂಗ್ ಜಯಾದಲ್ಲಿ. ಗಂಡ ರತ್ನಾಕರ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಮದುವೆಗೆ ಮೊದಲು ಜಲಜಾಕ್ಷಿ ಕುಂದಾಪುರದ ಕಡೆ ಮೀನು ಮಾರುವ ಹೆಂಗಸರ ಸಂಘ ಕಟ್ಟುವ ಕೆಲಸದಲ್ಲಿದ್ದರು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವರು. ಮಲೇಷ್ಯಾಕ್ಕೆ ಬಂದದ್ದು ಗಂಡನ ಕೆಲಸದ ಆಧಾರದಲ್ಲಿ ಹೆಂಡತಿಗೆ ಸಿಗುವ ಡಿಪೆಂಡೆಂಟ್ ಪಾಸ್ ಮೇಲೆ. ಸಂಸ್ಥೆಯೊಂದು ಮುಂದೆ ಬಂದು ಅನುಮತಿ ತರದ ಹೊರತು ಆ ಪಾಸಿನವರು ಸಂಬಳಕ್ಕೆ ದುಡಿಯುವಂತಿಲ್ಲ. ಯಾವ ಸಂಸ್ಥೆಯೂ ಮುಂದೆ ಬರಲಿಲ್ಲ. ಎಲ್ಲರೂ ಸ್ವಯಂಸೇವಕಿಯಾಗಿ ಬನ್ನಿ ಎಂದರು.

ನಿಯಮ ಹುಟ್ಟಿದ್ದು ಗಂಜಿಯಿಂದ. ಮೊದಲ ವರ್ಷ ಜಲಜಾಕ್ಷಿ ಮಕ್ಕಳಿಗೆ ಸಂಜೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಪಲ್ಯ ಕೊಡೋಣ ಎಂದಿದ್ದರು. ಖರ್ಚು ಕಡಿಮೆ, ಹೊಟ್ಟೆಗೂ ಹಿತ. ಹೆಂಗಸರು "ಬಹಳ ಒಳ್ಳೆಯದು ಅಕ್ಕಾ" ಎಂದು ತಲೆಯಾಡಿಸಿದರು. ಮೂರನೆಯ ದಿನ ಕಟ್ಟಡದ ಹಿಂದಿನ ಚರಂಡಿಯಲ್ಲಿ ಗಂಜಿ ಹೆಪ್ಪುಗಟ್ಟಿ ನಿಂತಿತ್ತು.

"ಇಲ್ಲಿ ಗಂಜಿ ಕೊಡೋದು ಜ್ವರ ಬಂದವರಿಗೆ ಅಕ್ಕಾ," ಎಂದಳು ಮೂರನೇ ಮಹಡಿಯ ಜೈತೂನ್. "ಮಕ್ಕಳು ಕೇಳ್ತಾವೆ, ನಮಗೇನು ಕಾಯಿಲೆ ಅಂತ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬರ್ತೀರಿ. ನಿಮಗೆ ಬೇಜಾರಾಗ್ತದೆ ಲಾ," ಎಂದಳು, ಅಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಸೇರಿಸಿ.

ತಾವು ಎದುರಿಗೆ ಕೂತಿರುವ ತನಕ ಇವರ ಬಾಯಲ್ಲಿ ಬೇಡ ಎಂಬ ಮಾತು ಬರುವುದಿಲ್ಲ ಎಂದು ಜಲಜಾಕ್ಷಿಗೆ ಆ ದಿನ ತಿಳಿಯಿತು. ಅಂದಿನಿಂದ ಪ್ರತಿ ತೀರ್ಮಾನಕ್ಕೂ ಎದ್ದು ಹೊರಗೆ ಹೋದರು. ಸಭೆ ನಡೆಸುವುದನ್ನು ಐದನೇ ಮಹಡಿಯ ಪುಷ್ಪವಲ್ಲಿಗೆ ಕಲಿಸಿದರು. ಕೈಗವಸಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಅಪರಿಚಿತರ ಎದುರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದ ಹೆಂಗಸು ಅವಳು. ಜೋರು ಬಾಯಿಯವರನ್ನು ನೋಯಿಸದೆ ಸುಮ್ಮನಾಗಿಸುವುದು ಹೇಗೆ, ಮೂಲೆಯಲ್ಲಿ ಕೂತವರಿಂದ ಮಾತು ಹೊರಡಿಸುವುದು ಹೇಗೆ ಎಂಬುದೆಲ್ಲ ಅವಳಿಗೆ ಬಂದದ್ದು ಜಲಜಾಕ್ಷಿಯಿಂದ.

ಕಳೆದ ವರ್ಷ ಒಂದು ಪ್ರತಿಷ್ಠಾನ ಈ ಅಡುಗೆಮನೆಯನ್ನು ಕಂಡುಹಿಡಿಯಿತು. ಬಂದವಳು ಇಂಚರ, ಬೆಂಗಳೂರಿನ ಹುಡುಗಿ, ಪ್ರತಿಷ್ಠಾನದ ಪ್ರೋಗ್ರಾಂ ಮ್ಯಾನೇಜರ್. ಫೋಟೋ ತೆಗೆದಳು, ಸಾಂಬಾರು ಚಪ್ಪರಿಸಿದಳು, ಆಮೇಲೆ ಸುದ್ದಿ ಹೇಳಿದಳು. ಸಂಬಳದ ಸಂಚಾಲಕಿ ಹುದ್ದೆಯೊಂದು ಬರುತ್ತದೆ. ಬೇಕಾದರೆ ಕೆಲಸದ ಪಾಸಿಗೆ ಪ್ರತಿಷ್ಠಾನವೇ ಅರ್ಜಿ ಹಾಕುತ್ತದೆ. ಯಾರಿಗೆ ಎಂಬುದನ್ನು ಫ್ಲ್ಯಾಟಿನವರೇ ಆರಿಸಬೇಕು. ಜಲಜಾಕ್ಷಿ ಹೆಸರು ಕೊಟ್ಟರು. ಮೂರು ದಿನ ಬಿಟ್ಟು ಪುಷ್ಪವಲ್ಲಿಯೂ ಕೊಟ್ಟಳು.

"ಎಂಟು ವರ್ಷ ಬಿಟ್ಟಿ ದುಡಿದದ್ದು ನೀನಲ್ವಾ ಮಾರಾಯ್ತಿ," ಎಂದರು ರತ್ನಾಕರ ಊಟಕ್ಕೆ ಕೂತಾಗ. "ನಿನಗಲ್ಲದೆ ಮತ್ಯಾರಿಗೆ ಕೊಡ್ತಾರೆ?"

ಮಗಳು ನಿಖಿತಾ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಆ ರೂಲ್ ಒಂದಿನ ಸ್ಕಿಪ್ ಮಾಡು ಲಾ. ಜಸ್ಟ್ ಸಿಟ್ ದೇರ್," ಎಂದಳು.

ಕೂರಲು ಅವಕಾಶವೂ ಇತ್ತು. ಆ ಸಂಜೆ ಪುಷ್ಪವಲ್ಲಿಯೇ, "ಇವತ್ತು ಕೂತ್ಕೊಳ್ಳಿ ಅಕ್ಕಾ, ಪರವಾಗಿಲ್ಲ," ಎಂದಿದ್ದಳು. ಕೂತಿದ್ದರೆ ಬೇಡ ಎನ್ನಲು ಯಾರ ಕೈಯೂ ಏಳುತ್ತಿರಲಿಲ್ಲ. ಜಲಜಾಕ್ಷಿ ಎದ್ದು ಹೋದದ್ದು ನಿಯಮಕ್ಕಾಗಿ ಮಾತ್ರವಲ್ಲ. ತಾವು ಗೆಲ್ಲುತ್ತೇವೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಬಾಗಿಲು ತೆರೆದವಳು ಜೈತೂನ್.

"ಪುಷ್ಪಾಗೆ ಆಯ್ತು ಅಕ್ಕಾ. ಎಲ್ಲರೂ ಒಪ್ಪಿದರು."

"ಎಲ್ಲರೂ?"

"ನಿಮಗೆ ಗಂಡನ ಸಂಬಳ ಇದೆಯಲ್ಲ. ಅವಳ ಗಂಡ ಬಂದರಿನ ಕೆಲಸಕ್ಕೆ ಅಂತ ಹೋದವನು ಇನ್ನೂ ಮನೆಗೆ ಬಂದಿಲ್ಲ." ಜೈತೂನ್ ಅವರ ತೋಳು ಹಿಡಿದುಕೊಂಡು ನಕ್ಕಳು. "ಮತ್ತೆ ನೀವು ಸಂಬಳ ಇಲ್ಲದಿದ್ದರೂ ಬರ್ತೀರಿ ಅಂತ ನಮಗೆ ಗೊತ್ತಲ್ಲ!"

ಒಳಗೆ ಪುಷ್ಪವಲ್ಲಿ ಅಳುತ್ತಿದ್ದಳು. ಜಲಜಾಕ್ಷಿ ಅವಳ ಬೆನ್ನು ಸವರಿ, "ಬಹಳ ಒಳ್ಳೆಯದಾಯ್ತು," ಎಂದರು.

ಎರಡು ದಿನದ ಮೇಲೆ ಇಂಚರಳ ಫೋನ್ ಬಂತು.

"ಆಂಟಿ, ಬೇಜಾರ್ ಮಾಡ್ಕೋಬೇಡಿ ಪ್ಲೀಸ್. ಪ್ರೋಸೆಸ್ ನಿಮ್ದೇ ಅಲ್ವಾ? ನಾವಿಲ್ಲದೇನೂ ಕಮ್ಯುನಿಟಿ ನಡೀಬೇಕು. ಇದಕ್ಕಿಂತ ಸಕ್ಸಸ್ ಇನ್ನೇನಿದೆ ಹೇಳಿ?"

"ಹೌದು."

"ಅದಕ್ಕೇ ಒಂದು ಐಡಿಯಾ. ಕ್ಲಾಂಗ್ ಕಡೆ ಎರಡು ಫ್ಲ್ಯಾಟ್ ಇದೆ. ಅಲ್ಲೂ ನೀವು ಇದೇ ಮಾಡೆಲ್ ಕಲಿಸ್ಕೊಡ್ಬೇಕು. ವಾಲಂಟಿಯರ್ ಆಗಿ."

"ನಿನಗೆ ಸಂಬಳ ಉಂಟಾ ಇಂಚರಾ?"

"ಆಂಟಿ, ನಂದು ಜಾಬ್ ಅಲ್ವಾ?"

"ಹೌದೌದು. ನಂದು ಎಂತದ್ದು ಅಂತ ನನಗೂ ಗೊತ್ತಿಲ್ಲ ನೋಡು. ಯೋಚನೆ ಮಾಡಿ ಹೇಳ್ತೇನೆ."

ಶನಿವಾರ ಅಡುಗೆಮನೆಯ ಸಭೆ. ಹೊತ್ತಾದರೂ ಅಕ್ಕ ಬಾರದ್ದನ್ನು ನೋಡಿ ಪುಷ್ಪವಲ್ಲಿ ಫೋನ್ ಮಾಡಿದಳು. ಇನ್ನು ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಅಷ್ಟಕ್ಕೆ ಅವಳು ಬೇಜಾರು ಮಾಡಿಕೊಂಡಾಳು ಅನ್ನಿಸಿತು. "ಜ್ವರ ಪುಷ್ಪಾ," ಎಂದರು ಜಲಜಾಕ್ಷಿ.

ಸಂಜೆ ಅವರ ಅಪಾರ್ಟ್‌ಮೆಂಟಿನ ಕಾವಲುಗಾರ ಕೆಳಗಿನಿಂದ ಹಿಡಿಕೆಯಿರುವ ಸ್ಟೀಲಿನ ಪಾತ್ರೆಯೊಂದನ್ನು ತಂದುಕೊಟ್ಟ. ಯಾರೋ ಮೋಟರ್‌ಸೈಕಲ್ಲಿನಲ್ಲಿ ಬಂದು ಕೊಟ್ಟು ಹೋದರಂತೆ. ಮುಚ್ಚಳ ತೆಗೆದರೆ ಹಬೆಯಾಡುವ ಗಂಜಿ, ಮೇಲೆ ಹುರಿದ ಈರುಳ್ಳಿ. ಜಲಜಾಕ್ಷಿ ಮೀನು ತಿನ್ನುವುದಿಲ್ಲವೆಂದು ನೆನಪಿಟ್ಟು ಅಡುಗೆಮನೆಯ ಹೆಂಗಸರು ನೆತ್ತಲಿ ಮೀನಿನ ಬದಲು ಕಡಲೆಬೀಜ ಹಾಕಿದ್ದರು.

"ಅಮ್ಮಾ, ಹೂ ಈಸ್ ಸಿಕ್?" ಎಂದು ಗಂಜಿಯ ವಾಸನೆ ಹಿಡಿದ ನಿಖಿತಾ ಒಳಗಿನಿಂದ ಕೂಗಿದಳು.

"ಯಾರಿಗೂ ಎಂತ ಆಗ್ಲಿಲ್ಲ."

ಅವರು ನಲ್ಲಿ ತಿರುಗಿಸಿ ಗಂಜಿಯನ್ನು ಸಿಂಕಿಗೆ ಸುರಿದರು. ಅನ್ನ ಜಾಲರಿಯಲ್ಲಿ ಸಿಕ್ಕಿಕೊಂಡಾಗ ಬೆರಳಿನಿಂದ ಒತ್ತಿ ಕೆಳಗೆ ಇಳಿಸಿದರು. ಪಾತ್ರೆಯನ್ನು ಎರಡು ಸಲ ಉಜ್ಜಿ ಒರೆಸಿದರು.

ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿ ಕೊಡಬೇಕು ಎಂದು ಕಲಿಸಿದ ಮನೆಯಲ್ಲಿ ಬೆಳೆದವರು ಅವರು. ಎಂಟು ವರ್ಷದಲ್ಲಿ ಆ ಫ್ಲ್ಯಾಟಿಗೆ ಒಂದು ಪಾತ್ರೆಯನ್ನೂ ಬರಿದಾಗಿ ಕಳಿಸಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಕಾವಲುಗಾರನ ಕೈಗೆ ಕೊಟ್ಟು, ಯಾರಾದರೂ ಬಂದರೆ ಕೊಡು ಎಂದರು. ಮುಚ್ಚಳ ಸಡಿಲವಾಗಿತ್ತು. ಒಳಗೆ ಏನೂ ಇರಲಿಲ್ಲ.